ಕೇಡು ಬಗೆಯದಿದ್ದರೆ ಸಾಕೇ?

ಯಾವ ಜೀವಿಗೂ ಕೇಡು ಮಾಡದಿದ್ದರೆ ನಮ್ಮ ಕರ್ತವ್ಯ ಮುಗಿಯಿತೆಂದು ಎಷ್ಟೋ ಮಂದಿ ತಿಳಿಯುತ್ತಾರೆ. ದಕ್ಷಿಣ ಸಾಗರಗಳ ವಾಂಡರಿಂಗ್ ಆಲ್ಬಟ್ರಾಸ್ ಹಕ್ಕಿಯ ಮಟ್ಟಿಗೆ ಇದು ಬಹುಪಾಲು ನಿಜ. ಮೀನು ಹಡಗುಗಳು ಬಿಡುವ ಗಾಳದ ಎರೆ ನುಂಗಿ ಅದು ಮುಳುಗಿ ಸಾಯುತ್ತದೆ. ಗಾಳವನ್ನು ರಾತ್ರಿ ಇಳಿಸಿದರೆ, ಭಾರ ಕಟ್ಟಿ ಬೇಗ ಮುಳುಗಿಸಿದರೆ ಸಾವು ತಗ್ಗುತ್ತದೆ.

ಇಂಗ್ಲೆಂಡಿನ ಲಾರ್ಜ್ ಬ್ಲೂ ಚಿಟ್ಟೆಯ ಕಥೆಯೇ ಬೇರೆ. ಚಿಟ್ಟೆ ಹಿಡಿಯುವವರು ಬಾರದಿರಲೆಂದು ಒಂದು ಹುಲ್ಲುಗಾವಲಿಗೆ ಬೇಲಿ ಹಾಕಿದರು; ದನಕುರಿಗಳೂ ಹೊರಗುಳಿದವು. ಇತರೆಡೆಯೂ ಮೇಯಿಸುವುದು ಕಡಿಮೆಯಾಯಿತು. ಹುಲ್ಲು ಬೆಳೆದು ನೆಲ ತಣ್ಣಗಾಯಿತು. ಚಿಟ್ಟೆಯ ಮರಿಹುಳುವನ್ನು ಗೂಡಿನಲ್ಲಿ ಸಾಕುವ ಕೆಂಪಿರುವೆ ಕ್ಷೀಣಿಸಿತು. 1979ರಲ್ಲಿ ಚಿಟ್ಟೆ ಬ್ರಿಟನ್ನಿನಿಂದಲೇ ಮರೆಯಾಯಿತು. ಕಾರಣ ತಿಳಿದ ಮೇಲೆ ಮತ್ತೆ ದನ ಮೇಯಿಸಿ, 1983ರಿಂದ ಸ್ವೀಡನ್ನಿನ ಸಂತತಿಯನ್ನು ತಂದು ನೆಲೆಗೊಳಿಸಿದರು.

ಹಕ್ಕಿಗಾಗಿ ನಾವು ಕೈ ಬಿಗಿ ಹಿಡಿಯಬೇಕು. ಚಿಟ್ಟೆಗಾಗಿ ಕೈ ಕೆಸರು ಮಾಡಿಕೊಳ್ಳಬೇಕು. ಯಾರಿಗೆ ಏನು ಬೇಕೆಂದು ಅರಿಯದ ದಯೆ ಆ ಬೇಲಿಯಂತೆ: ಉದ್ದೇಶ ಒಳ್ಳೆಯದು, ಫಲ ಕೇಡು.