ಮರಳಿ ಕೇಳದವನಿಗೆ ಹೇಳುವ ಮಾತು

ಒಬ್ಬನ ಮಾತನ್ನು ನಂಬಿ ಇನ್ನೊಬ್ಬನು ಕೆಲಸಮಾಡಿ, ಆ ಕೆಲಸವು ಕೆಟ್ಟುಹೋದರೆ, ತಪ್ಪು ಹೇಳಿದವನದೋ ಮಾಡಿದವನದೋ? ಯಜಮಾನನಿಗೂ ಆಳಿಗೂ, ಗುರುವಿಗೂ ಶಿಷ್ಯನಿಗೂ ನಡುವೆ ಈ ಪ್ರಶ್ನೆ ಎಂದಿನಿಂದಲೂ ಇದ್ದದ್ದೇ. ಈಗ ಅದು ಹೊಸದೊಂದು ರೂಪವನ್ನು ತಾಳಿದೆ. ಕಂಪ್ಯೂಟರಿನ ಪ್ರೋಗ್ರಾಮುಗಳನ್ನು ಮನುಷ್ಯರ ಪರವಾಗಿ ಬರೆದು ತಿದ್ದತಕ್ಕ ಕೃತಕ ಬುದ್ಧಿಯ ಏಜೆಂಟುಗಳು ಬಳಕೆಗೆ ಬಂದಿವೆ. ಅವುಗಳಿಗೆ ಕೆಲಸದ ಉಪಕರಣಗಳನ್ನು ವಿವರಿಸಿ ಹೇಳುವವನ ಹೊಣೆ ಎಷ್ಟರದು ಎಂಬುದು ವಿಚಾರಾರ್ಹವಾದ ವಿಷಯ.

ಈ ಏಜೆಂಟು ತಾನಾಗಿ ಯಾವ ಕಡತವನ್ನೂ ಮುಟ್ಟಲಾರದು. ಓದುವುದಕ್ಕೊಂದು, ಹುಡುಕುವುದಕ್ಕೊಂದು, ತಿದ್ದುವುದಕ್ಕೊಂದು ಎಂದು ಉಪಕರಣಗಳನ್ನು ಅದಕ್ಕೆ ಒದಗಿಸಿಕೊಡಬೇಕು. ಉಪಕರಣದ ಹೆಸರು, ನಾಲ್ಕಾರು ಸಾಲಿನ ವಿವರಣೆ, ಅದಕ್ಕೆ ಕೊಡಬೇಕಾದ ಅಂಶಗಳ ಪಟ್ಟಿ, ಸಾಮಾನ್ಯವಾಗಿ ಇಷ್ಟೇ ಏಜೆಂಟಿಗೆ ಗೋಚರವಾಗುವುದು. ಒಳಗಿನ ರಚನೆ ಕಾಣದು. ೨೦೨೪ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆಯು ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಎಂಬ ಸಾಮಾನ್ಯ ಪದ್ಧತಿಯನ್ನು ಪ್ರಕಟಿಸಿದ ಮೇಲೆ, ಒಬ್ಬರು ರಚಿಸಿದ ಉಪಕರಣವನ್ನು ಬೇರೆಲ್ಲಿಯೋ ಇರುವವರ ಏಜೆಂಟು ಬಳಸುವುದು ಸುಲಭವಾಯಿತು. ಹೇಳಿದವನಿಗೂ ಮಾಡುವವನಿಗೂ ಮುಖಪರಿಚಯವೇ ಇಲ್ಲ.

ಚನ್ನಪಟ್ಟಣದ ಬೊಂಬೆ ಕಡೆಯುವವರ ಮನೆಯಲ್ಲಿ ಹೀಗಿಲ್ಲ. ಅಲ್ಲಿ ಆಲೆಮರದ ತುಂಡು ಯಂತ್ರದಲ್ಲಿ ತಿರುಗುತ್ತಿರುತ್ತದೆ. ಉಳಿ ಅದಕ್ಕೆ ರೂಪ ಕೊಡುತ್ತದೆ. ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಕಾವಿಗೆ ಅದು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆಯ ಗರಿ ಅದನ್ನು ಹರಡಿ ಹೊಳಪೇರಿಸುತ್ತದೆ. ಎಷ್ಟು ಒತ್ತಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಯಾರೂ ಬರೆದಿಡಬೇಕಾಗಿಲ್ಲ. ಗುರುವು “ಆ ಉಳಿ ಕೊಡು” ಎಂದರೆ ಸಾಕು. ಜೊತೆಯಲ್ಲಿ ಕುಳಿತು ಕಳೆದ ವರ್ಷಗಳು ಉಳಿದುದನ್ನು ಹೇಳುತ್ತವೆ. ಮಾತಿನ ಕೊರತೆಯನ್ನು ಕಣ್ಣು ಕೈಗಳು ತುಂಬಿಕೊಡುತ್ತವೆ. ಏಜೆಂಟಿಗೆ ಆ ಸಹವಾಸವಿಲ್ಲ. ಬರೆದ ಮಾತೇ ಅದಕ್ಕೆ ಕಣ್ಣು, ಅದೇ ಕೈ.

‘ಕಡತ ತೆಗೆ’ ಎಂದು ಒಂದು ಉಪಕರಣಕ್ಕೆ ಹೆಸರಿಟ್ಟರೆನ್ನೋಣ. ಬಾಗಿಲು ತೆಗೆ ಎಂದರೆ ಬಿಚ್ಚುವುದು, ಕಸ ತೆಗೆ ಎಂದರೆ ಹೊರಹಾಕುವುದು. ಹೆಸರಿಟ್ಟವನ ಮನಸ್ಸಿನಲ್ಲಿ ಸಂದೇಹವಿರಲಿಲ್ಲ, ಮಾತಿನಲ್ಲಿ ಇತ್ತು. ಏಜೆಂಟಿಗೆ ಮರಳಿ ಕೇಳುವ ಶಕ್ತಿ ಇಲ್ಲವೆಂದಲ್ಲ. ಆದರೂ ಅನೇಕ ವೇಳೆ ಅದು ಕೇಳದೆ, ತೋಚಿದ ಅರ್ಥವನ್ನು ಹಿಡಿದು ಮುಂದುವರಿಯುತ್ತದೆ. ಓದಬೇಕೆಂದಿದ್ದ ಕಡತ ಅಳಿದುಹೋಗಲು ಒಂದು ಕ್ಷಣ ಸಾಕು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತನ್ನ ಮೊದಲ ಪರಿಚ್ಛೇದವನ್ನು ದೋಷಾದೋಷಗಳ ವಿಚಾರಕ್ಕೆ ಕೊಟ್ಟಿದೆ. ಕಾವ್ಯದಲ್ಲಿ ಸಂದಿಗ್ಧವಾದ ಮಾತಿಗೆ ವ್ಯಾಖ್ಯಾನಕಾರನು ಆಮೇಲೆ ಬಂದಾನು. ಇಲ್ಲಿ ವ್ಯಾಖ್ಯಾನಕ್ಕೆ ಮೊದಲೇ ಕಾರ್ಯವು ನಡೆದುಹೋಗುತ್ತದೆ.

ಆಂಥ್ರೊಪಿಕ್ ಸಂಸ್ಥೆಯವರು ೨೦೨೪ರ ಡಿಸೆಂಬರಿನಲ್ಲಿ ತಮ್ಮ ಏಜೆಂಟಿನ ಅನುಭವವೊಂದನ್ನು ಪ್ರಕಟಿಸಿದರು. ಕಡತದ ವಿಳಾಸವನ್ನು ಏಜೆಂಟು ತಾನಿರುವ ಸ್ಥಳದಿಂದ ಎಣಿಸಿ ಹೇಳಬಹುದಾಗಿದ್ದಾಗ, ಅದು ಮೂಲಸ್ಥಾನವನ್ನು ಬಿಟ್ಟು ಹೋದಮೇಲೆ ತಪ್ಪುತ್ತಿತ್ತು. ಮೊದಲಿನಿಂದ ಕೊನೆಯವರೆಗಿನ ಪೂರ್ಣ ವಿಳಾಸವನ್ನೇ ಕೊಡಬೇಕೆಂದು ಉಪಕರಣವನ್ನು ಬದಲಿಸಿದರು. ಆ ತಪ್ಪು ನಿಂತಿತು. “ಬಲಗಡೆಯ ಮೂರನೆಯ ಮನೆ” ಎಂಬ ಗುರುತು ಕೇಳುವವನು ಎಲ್ಲಿ ನಿಂತಿದ್ದಾನೆಂಬುದರ ಮೇಲೆ ಹೋಗುವಂತೆ ಇದು. ತಿದ್ದಿಕೊಂಡದ್ದು ಉಪಕರಣ, ಏಜೆಂಟಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಜಾಣ ಯಂತ್ರವಾದರೆ ಅದು ಊಹಿಸಿಕೊಳ್ಳಲಿ ಎಂದು ಕೆಲವರು ಹೇಳಬಹುದು. ಊಹೆ ಹತ್ತು ಸಲ ಸರಿಹೋದರೂ ಹನ್ನೊಂದನೆಯ ಸಲಕ್ಕೆ ಪ್ರಮಾಣವಾಗದು. ಹಾಗಾದರೆ ಎಲ್ಲವನ್ನೂ ಉದ್ದುದ್ದ ಬರೆದುಬಿಡೋಣವೆಂದರೆ, ಅದೂ ಸರಿಯಲ್ಲ. ಏಜೆಂಟು ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳಬಲ್ಲ ಬರಹಕ್ಕೆ ಮಿತಿಯುಂಟು. ಒಂದರಂತೆ ಇನ್ನೊಂದಿರುವ ಉಪಕರಣಗಳು ಹೆಚ್ಚಿದಷ್ಟೂ ಆಯ್ಕೆ ಗೊಂದಲವಾಗುತ್ತದೆ. ಉಪಕರಣವು ಏನು ಮಾಡುತ್ತದೆ, ಯಾವಾಗ ಬಳಸತಕ್ಕದ್ದು, ಯಾವಾಗ ಕೂಡದು, ಏನನ್ನು ಯಾವ ರೂಪದಲ್ಲಿ ಕೊಡಬೇಕು, ಏನು ಮರಳಿ ಬರುತ್ತದೆ, ಆದ ಕೆಲಸವನ್ನು ಹಿಂತೆಗೆಯಬಹುದೇ—ಇವಿಷ್ಟನ್ನು ಹೇಳಿದರೆ ಬಹಳಮಟ್ಟಿಗೆ ಸಾಕು. ಕೆಲಸಕ್ಕೆ ಹೊಸದಾಗಿ ಸೇರಿದ ಮನುಷ್ಯನೊಬ್ಬನು ಓದಿ, ಯಾರನ್ನೂ ಕೇಳದೆ ಸರಿಯಾಗಿ ನಡೆಸಬಲ್ಲನೇ ಎಂಬುದೇ ಅದರ ಒರೆಗಲ್ಲು.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಮಾಡಿದವನು ಮನುಷ್ಯನಾಗಿದ್ದರೆ ತಪ್ಪನ್ನು ಇಬ್ಬರಿಗೂ ಹಂಚಬಹುದಾಗಿತ್ತು. ಅವನಿಗೂ ವಿವೇಕವಿದೆ, ನಾಚಿಕೆಯಿದೆ. ಏಜೆಂಟಿಗೆ ದಂಡನೆಯೂ ತಟ್ಟದು, ಪಶ್ಚಾತ್ತಾಪವೂ ತಟ್ಟೀತೆಂದು ಹೇಳುವಂತಿಲ್ಲ. ಆದುದರಿಂದ ಅದರ ಪಾಲಿನ ಹೊಣೆಯು ಮನುಷ್ಯರಿಗೇ ಮರಳುತ್ತದೆ: ವಿವರಣೆ ಬರೆದವನಿಗೆ, ಉಪಕರಣವನ್ನು ಒಪ್ಪಿಸಿದವನಿಗೆ, ಪರೀಕ್ಷಿಸದೆ ಅಪ್ಪಣೆ ಕೊಟ್ಟವನಿಗೆ. ಸ್ಪಷ್ಟವಾದ ಮಾತೊಂದೇ ಸಾಕೆಂದೂ ಅಲ್ಲ. ಅಳಿಸುವಂಥ, ಹಣ ಸಾಗಿಸುವಂಥ ಕೆಲಸಗಳಿಗೆ ಮನುಷ್ಯನ ಒಪ್ಪಿಗೆಯ ಬೀಗವೂ ಇರಬೇಕು.

ನಷ್ಟವನ್ನು ಅನುಭವಿಸುವವರು ಆ ವಿವರಣೆಯನ್ನು ಎಂದೂ ಕಾಣದವರು. ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿಗಳು ಕಂಪ್ಯೂಟರಿಗೆ ಸೇರಿ ಇಪ್ಪತ್ತು ವರ್ಷಗಳಿಗೂ ಮೀರಿತು. ಮಾಗಡಿಯ ರೈತನ ಜಮೀನಿನ ಲೆಕ್ಕ, ರಾಮನಗರದಲ್ಲಿ ಗೂಡು ಮಾರಿದವನ ಹಣದ ಲೆಕ್ಕ ಎಲ್ಲವೂ ಯಾವುದೋ ಪ್ರೋಗ್ರಾಮಿನ ವಶದಲ್ಲಿರುವ ಕಾಲವಿದು. ಅಂಥ ಪ್ರೋಗ್ರಾಮನ್ನು ಏಜೆಂಟು ತಿದ್ದುವ ದಿನ, ಎಲ್ಲಿಯೋ ಒಬ್ಬನು ಬರೆಯದೆ ಬಿಟ್ಟ ಒಂದು ಸಾಲಿನ ಬೆಲೆಯನ್ನು ಇವರು ತೆರಬೇಕಾದೀತು. ತಿಳಿಯದೆ ಬಿಟ್ಟದ್ದಕ್ಕೆ ಕ್ಷಮೆಯುಂಟು. ತಿಳಿದೂ, ‘ಅಷ್ಟು ಗೊತ್ತಾಗುವುದಿಲ್ಲವೆ’ ಎಂದು ಬಿಟ್ಟದ್ದು ಮಾತಿನ ದೋಷವೆನಿಸದೆ ನಡತೆಯ ದೋಷವೇ ಆಗುತ್ತದೆ.