ಹೆಚ್ಚಿದ ಪಣಕ್ಕೆ ಪ್ರತ್ಯುತ್ತರ

ಎದುರಿಗೆ ಕುಳಿತವನು ಒಮ್ಮೆಲೆ ದೊಡ್ಡ ಪಣವನ್ನು ಮುಂದಿಟ್ಟಾಗ ಆಟಗಾರನು ಮಾಡತಕ್ಕದ್ದೇನು? ಎಲೆಗಳನ್ನು ಕೆಳಗಿಟ್ಟು ಸುಮ್ಮನಾಗಬೇಕೋ, ಸಮನಾಗಿ ಹಾಕಿ ನೋಡಬೇಕೋ, ಅವನಿಗಿಂತಲೂ ಹೆಚ್ಚಿಸಬೇಕೋ? ಜೂಜಿನ ಮಾತು ಸಾಹಿತ್ಯದ ಪತ್ರಿಕೆಗೆ ತಕ್ಕುದಲ್ಲವೆಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಆದರೆ ಸಭಾಪರ್ವವು ನಿಂತಿರುವದು ಇದೇ ಪ್ರಶ್ನೆಯ ಮೇಲೆ. ದೀಪಾವಳಿಯ ಪಾಡ್ಯಕ್ಕೆ ದ್ಯೂತಪ್ರತಿಪದೆಯೆಂದು ಹೆಸರಿಟ್ಟುಕೊಂಡ ನಾವು ಜೂಜನ್ನು ಕಂಡರಿಯದವರಂತೆ ನಟಿಸುವದೂ ಸರಿಯಲ್ಲ. ಶನಿವಾರದ ಸಂಜೆ ಬೆಳಗಾವಿಯಿಂದ ಹೊರಟು ಜಾಂಬೋಟಿ, ಕಣಕುಂಬಿಗಳನ್ನು ದಾಟಿ ಚೋರ್ಲಾ ಘಾಟವನ್ನಿಳಿಯುವ ಗಾಡಿಗಳೆಲ್ಲವೂ ಗೋವೆಯ ದೇವಾಲಯಗಳಿಗೇ ಹೋಗುತ್ತವೆಂದು ನಂಬುವವರು ಯಾರು? ಮಾಂಡವಿ ನದಿಯ ಜೂಜುನೌಕೆಗಳು ನಮ್ಮ ಜಿಲ್ಲೆಯ ರೊಕ್ಕವನ್ನೂ ಬಲ್ಲವು.

ನನ್ನ ಅಣ್ಣನ ಮಗನೊಬ್ಬನು ಬೆಂಗಳೂರಿನಲ್ಲಿ ಪೋಕರ್ ಎಂಬ ಆಟವನ್ನು ಕಲಿತು ಬಂದಿದ್ದಾನೆ. ನಮ್ಮ ಕಡೆಯ ಮೂರೆಲೆಯ ಆಟದಲ್ಲಿ ಪಣವು ಮೆಟ್ಟಿಲು ಮೆಟ್ಟಿಲಾಗಿ ಏರುವದು. ಒಮ್ಮೆಗೆ ಇಮ್ಮಡಿಯನ್ನು ಮೀರಬಾರದೆಂಬುದು ರೂಢಿ. ಪೋಕರಿನ ಮಿತಿಯಿಲ್ಲದ ಬಗೆಯಲ್ಲಿ ಹಾಗಲ್ಲ. ತನ್ನ ಸರದಿ ಬಂದಾಗ ಯಾವನಾದರೂ ಮುಂದಿರುವದನ್ನೆಲ್ಲ ನಡುವೆ ನೂಕಿಬಿಡಬಹುದು. ಅಂಥ ವೇಳೆಯಲ್ಲಿ ಏನು ಮಾಡುವಿಯೆಂದು ನಾನು ಕೇಳಿದೆನು. ಅವನು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದನು. ನಡುವೆ ೬೦೦ ರೂಪಾಯಿ ಕೂಡಿದೆ. ಕೊನೆಯ ಸರದಿಯಲ್ಲಿ ಎದುರಾಳಿಯು ಇನ್ನೂ ೬೦೦ ಇಟ್ಟನು. ನಾನು ೬೦೦ ಇಟ್ಟರೆ ೧೨೦೦ ಗೆಲ್ಲಬಹುದು. ಆದುದರಿಂದ ಇಂಥ ಮೂರು ಪ್ರಸಂಗಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ನನ್ನ ಎಲೆಯೇ ಮೇಲಾಗುವಂತಿದ್ದರೆ ಇಡತಕ್ಕದ್ದು, ಇಲ್ಲವಾದರೆ ಬಿಡತಕ್ಕದ್ದು. ಮೊದಲು ಹಾಕಿದ ಹಣವನ್ನು ನೆನೆಯಕೂಡದು, ಅದು ಆಗಲೇ ಕೈಬಿಟ್ಟುಹೋಗಿದೆ. ಹಾಗೆಂದು ದೊಡ್ಡ ಪಣ ಬಂದಾಗಲೆಲ್ಲ ಹೆದರಿ ಬಿಡುತ್ತಿದ್ದರೂ ಕೆಟ್ಟೆವು: ೬೦೦ ಗೆಲ್ಲಲು ೬೦೦ ಇಡುವವನ ಸುಳ್ಳು ಎರಡರಲ್ಲಿ ಒಂದು ಸಲಕ್ಕಿಂತ ಹೆಚ್ಚು ಫಲಿಸಿದರೆ ಅವನಿಗೆ ಲಾಭವೇ. ಉಳಿದದ್ದು ಅವನ ನಡತೆಯನ್ನು ಓದುವದು. ಆಟದ ಮೊದಲಿನಿಂದ ಅವನು ಇಟ್ಟ ಪಣಗಳಿಗೂ ಈ ಪಣಕ್ಕೂ ಸಂಬಂಧ ಕೂಡಿಬರುವದೋ, ಇಲ್ಲವೆ ಕಥೆಯು ನಡುವೆಯೇ ಹರಿಯುವದೋ?

ಇದು ನಿಷ್ಕಾಮವಾದ ಬುದ್ಧಿಯೆಂದು ನಾನು ಮೆಚ್ಚಿದೆನು. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಕಾರಣ ಹೇಳುತ್ತೇನೆ.

ಬಹಳ ವರ್ಷಗಳ ಹಿಂದಿನ ಮಾತು. ಬೆಳಗಾವಿಯ ಆಸ್ಪತ್ರೆಯಲ್ಲಿದ್ದ ಅಕ್ಕನ ಹೆರಿಗೆಗೆಂದು ತಂದೆಯವರು ಕೊಟ್ಟ ಹಣವನ್ನು ಕಿಸೆಯಲ್ಲಿಟ್ಟುಕೊಂಡು ಖಾನಾಪುರಕ್ಕೆ ಬಂದವನಿಗೆ ಕೊನೆಯ ರೈಲು ತಪ್ಪಿತು. ಅಂದು ಪಾಡ್ಯ. ಪರಿಚಯದವರ ಅಟ್ಟದ ಮೇಲೆ ಮೂರೆಲೆಯ ಆಟ ನಡೆದಿತ್ತು. ಚಿಲ್ಲರೆಯಿಂದ ಆರಂಭವಾದದ್ದು ನಡುರಾತ್ರಿಯ ಹೊತ್ತಿಗೆ ಮಿತಿಯ ರೂಢಿಯನ್ನು ಮರೆತಿತ್ತು. ನಡುವಯಸ್ಸಿನ ಗೃಹಸ್ಥರೊಬ್ಬರು ಬಹಳ ಹೊತ್ತು ಸುಮ್ಮನಿದ್ದು, ಒಮ್ಮೆಲೆ ನೋಟಿನ ಕಟ್ಟೊಂದನ್ನು ಚಾಪೆಯ ಮೇಲಿಟ್ಟು, “ಎಲೆ ಇಡು ತಮ್ಮಾ, ಇದು ಹುಡುಗರ ಆಟಲ್ಲ” ಎಂದರು. ಸುತ್ತಲಿದ್ದವರು ನಕ್ಕರು. ನನ್ನ ಕೈಯಲ್ಲಿದ್ದದ್ದು ಒಂದು ಸಾಧಾರಣ ಜೋಡಿ. ಲೆಕ್ಕವಿಲ್ಲ, ನಡತೆಯ ಓದಿಲ್ಲ. ಆ ನಗೆಯೊಂದಕ್ಕಾಗಿ ಅಕ್ಕನ ಹಣವನ್ನು ಇಟ್ಟೆನು.

ಗೆದ್ದೆನು. ಸೋತಿದ್ದರೆ ಬಹುಶಃ ಒಳ್ಳೆಯದಾಗುತ್ತಿತ್ತು. ಗೆದ್ದುದರಿಂದ ನನಗೆ ಮನುಷ್ಯರ ಮುಖವನ್ನೋದುವ ವಿದ್ಯೆಯುಂಟೆಂಬ ಭ್ರಮೆಯು ಮೂರು ವರ್ಷ ನನ್ನನ್ನು ಬಿಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಬೇರೊಂದು ಸಂಗತಿಯೂ ತಿಳಿಯಿತು. ಆ ಕಟ್ಟು ಅವರದಾಗಿರಲಿಲ್ಲ. ಊರವರು ಸಂಘಕ್ಕೆ ಕಟ್ಟಿದ ಕಂತಿನ ಹಣ ಅವರ ವಶದಲ್ಲಿತ್ತು. ಅಂದರೆ ತನ್ನದಲ್ಲದ್ದನ್ನು ಒಬ್ಬನು ಒಡ್ಡಿದನು, ತನ್ನದಲ್ಲದ್ದರಿಂದಲೇ ಇನ್ನೊಬ್ಬನು ಉತ್ತರ ಕೊಟ್ಟನು.

ಪೋಕರಿನಲ್ಲಿ ಒಂದು ನಿಯಮವುಂಟೆಂದು ನನ್ನ ಅಣ್ಣನ ಮಗನಿಂದಲೇ ಕೇಳಿದೆನು. ಎಲೆ ಹಂಚುವಾಗ ಮೇಜಿನ ಮೇಲೆ ಎಷ್ಟಿತ್ತೋ ಆ ಆಟದಲ್ಲಿ ಅಷ್ಟೇ. ನಡುವೆ ಕಿಸೆಗೆ ಕೈ ಹಾಕುವಂತಿಲ್ಲ. ಎದುರಾಳಿಯು ಅದಕ್ಕೆ ಮೀರಿ ಇಟ್ಟರೂ ಇದ್ದಷ್ಟರಿಂದಲೇ ಅವನನ್ನು ಎದುರಿಸಬಹುದು. ಮಿತಿಯಿಲ್ಲದ ಆಟಕ್ಕೂ ಇಷ್ಟು ಮಿತಿ! ಹಸ್ತಿನಾವತಿಯ ಸಭೆಯಲ್ಲಿ ಇಲ್ಲದೆ ಹೋದದ್ದು ಇದೇ. ಧನ ತೀರಿದೊಡನೆ ಧರ್ಮರಾಜನು ಹೊರಗಿನಿಂದ ತಂದು ಇಡತೊಡಗಿದನು: ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಅವಳು ಕೇಳಿದ ಪ್ರಶ್ನೆಯನ್ನು ಎಲ್ಲರೂ ಬಲ್ಲರು. ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ ಎಂಬುದು. ಆದರೆ ನಾವು ಇಟ್ಟವನನ್ನು ವಿಚಾರಿಸಿದಷ್ಟು, ಅಂಥ ಪಣವನ್ನು ಒಪ್ಪಿಕೊಂಡವರನ್ನು ವಿಚಾರಿಸಿದೆವೆ? ಶಕುನಿಯ ದೋಷವು ಕಪಟದಲ್ಲಿ ಮಾತ್ರವೆಂಬುದು ರೂಢಿಯ ತೀರ್ಪು. ದಾಳವು ಶುದ್ಧವಾಗಿದ್ದರೆ ದ್ರೌಪದಿಯನ್ನು ಗೆಲ್ಲುವದು ನ್ಯಾಯವಾಗುತ್ತಿತ್ತೇ?

ನಳನ ಕಥೆಯು ಇನ್ನೂ ತೊಡಕಿನದು. ಸರ್ವಸ್ವ ಸೋತ ಮೇಲೆ ದಮಯಂತಿಯನ್ನು ಒಡ್ಡೆಂದು ಪುಷ್ಕರನು ಕೇಳಿದಾಗ ನಳನು ಮಾತಾಡದೆ ಉಟ್ಟ ಬಟ್ಟೆಯಲ್ಲಿ ಎದ್ದುಹೋದನು. ನಗೆಯನ್ನು ಸಹಿಸಿ ಎದ್ದುಹೋಗುವ ಆ ಧೈರ್ಯ ನನ್ನಲ್ಲಿರಲಿಲ್ಲ. ಆದರೆ ಅದೇ ನಳನು, ತಾರೆಮರದ ಎಲೆಕಾಯಿಗಳನ್ನು ನೋಟಮಾತ್ರದಿಂದ ಎಣಿಸಿದ ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತು ಮರಳಿದಾಗ, ದಮಯಂತಿಯನ್ನೂ ಪಣಕ್ಕಿಟ್ಟು ಪುಷ್ಕರನನ್ನು ಕರೆದನು. ವಿದ್ಯೆ ಬಂದಿತು, ಹಿಂದಿನ ಸಂಕೋಚ ಹೋಯಿತು!

ನಮ್ಮ ನ್ಯಾಯಾಲಯಗಳ ವಿಚಾರವಾದರೂ ಜಾಣ್ಮೆಯೋ ದೈವವೋ ಎಂಬ ಸುತ್ತಿನಲ್ಲಿಯೇ ನಡೆದಿದೆ. ರಮ್ಮಿಯು ಬಹುಮಟ್ಟಿಗೆ ಜಾಣ್ಮೆಯ ಆಟವೆಂದು ಸುಪ್ರೀಂ ಕೋರ್ಟು ೧೯೬೭ರಲ್ಲಿ ಹೇಳಿತು. ಜಾಣ್ಮೆಯ ಆಟಕ್ಕೂ ಹಣ ಒಡ್ಡಬಾರದೆಂದು ೨೦೨೧ರಲ್ಲಿ ಕರ್ನಾಟಕ ಸರಕಾರವು ತಂದ ತಿದ್ದುಪಡಿಯನ್ನು ನಮ್ಮ ಹೈಕೋರ್ಟು ೨೦೨೨ರ ಫೆಬ್ರುವರಿಯಲ್ಲಿ ತಳ್ಳಿಹಾಕಿತು. ೨೦೨೫ರಲ್ಲಿ ಸಂಸತ್ತು, ಜಾಣ್ಮೆಯದಾಗಲಿ ದೈವದ್ದಾಗಲಿ, ಅಂತರ್ಜಾಲದ ಹಣದಾಟಗಳನ್ನು ನಿಷೇಧಿಸುವ ಕಾಯದೆ ಮಾಡಿತು. ನನ್ನ ಪ್ರಶ್ನೆಯು ಇವುಗಳ ಆಚೆಗೆ ನಿಲ್ಲುತ್ತದೆ. ಮೂರರಲ್ಲಿ ಒಂದೆಂಬ ಲೆಕ್ಕಕ್ಕೆ ಪ್ರತಿಯೊಂದು ರೂಪಾಯಿಯೂ ಒಂದೇ. ಅಕ್ಕನ ರೂಪಾಯಿ, ಸಂಘದ ರೂಪಾಯಿ ಎಂಬ ಭೇದವಿಲ್ಲ. ಲೆಕ್ಕವು ತಪ್ಪೆನ್ನಲಾರೆ. ಆದರೆ ಅದನ್ನು ಆರಂಭಿಸುವ ಮೊದಲೇ ಆಟಗಾರನು ಕೇಳಿಕೊಳ್ಳಬೇಕಾದ ಮಾತೊಂದಿದೆ: ನನ್ನ ಮುಂದಿರುವದು ನನ್ನದೇ? ಅವನ ಮುಂದಿರುವದು ಅವನದೇ? ಎರಡನೆಯದು ಕಾಣುವದು ಕಠಿಣವೆಂದು ಹೇಳಿ ನುಣುಚಿಕೊಳ್ಳಬಹುದು. ಆ ರಾತ್ರಿ ಕಟ್ಟನ್ನಿಟ್ಟ ಕೈ ನಡುಗುತ್ತಿದ್ದುದನ್ನು ನಾನು ಕಂಡಿದ್ದೆನು. ಕಂಡು, ಎಲೆ ಸಣ್ಣದಿದ್ದೀತೆಂದು ಮಾತ್ರ ಎಣಿಸಿದೆನು.

ಸಂಗತಿ ತಿಳಿದ ಮೇಲೆ ಗೆದ್ದ ಹಣವನ್ನು ತೆಗೆದುಕೊಂಡು ಅವರ ಮನೆಗೆ ಹೋದೆನು. ಹೊಲವನ್ನು ಮಾರಿ ಸಂಘದ ಹಣವನ್ನು ಆಗಲೇ ತುಂಬಿದ್ದರು. ಚಹ ಕೊಟ್ಟರು. ಕಟ್ಟನ್ನು ನನ್ನ ಕಡೆಗೇ ಸರಿಸಿ, “ಆಟದಾಗ ಹೋದ ರೊಕ್ಕ, ತಮ್ಮಾ. ಈಗ ಇಸ್ಕೊಂಡ್ರ ನಾ ಎರಡನೇ ಸಲ ಸೋತಂಗಾಗತೈತಿ” ಎಂದರು. ಒಳಗಿನಿಂದ ಅವರ ಹೆಂಡತಿಯವರು ಬಾಗಿಲ ಬಳಿ ಬಂದು ನಿಂತಿದ್ದರು, ಏನೂ ಮಾತಾಡಲಿಲ್ಲ. ನಾನು ಕಟ್ಟನ್ನು ಎತ್ತಿಕೊಂಡು ಸ್ಟೇಶನ್ನಿನ ದಾರಿ ಹಿಡಿದೆನು.