ಬೆಣ್ಣೆ ಬಂತು

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯ ಕಡೆ, ಹೊತ್ತು ಹುಟ್ಟುವ ಮೊದಲೇ ಮೊಸರಿನ ಗಡಿಗೆಯ ಮುಂದೆ ಕುಳಿತು, ಕಂಬಕ್ಕೆ ಆನಿಸಿದ ಕಡೆಗೋಲಿನ ಹಗ್ಗವನ್ನು ಬಲಗೈಯಿಂದೊಮ್ಮೆ ಎಡಗೈಯಿಂದೊಮ್ಮೆ ಸೆಳೆಯುತ್ತಿದ್ದ ಮುದುಕಿಯರು, ಒಳಗಿನ ಮಂದವಾದ ಸದ್ದು ತೆಳುವಾಗಿ ಚಳಚಳನೆಂದೊಡನೆ ಕೈತಡೆದು, ಬಗ್ಗಿಯೂ ನೋಡದೆ ಆಡುತ್ತಿದ್ದುದು ಎರಡೇ ಮಾತು: 'ಬೆಣ್ಣೆ ಬಂತು.' ಈ 'ಬಂತು' ಎಂಬ ಕ್ರಿಯಾಪದದಲ್ಲಿ ನಮ್ಮ ದರ್ಶನಗಳ ಹಳೆಯ ವ್ಯಾಜ್ಯವೊಂದು ಅಡಗಿದೆಯೆಂಬುದು ನನಗೆ ಬಹುಕಾಲ ಹೊಳೆದಿರಲಿಲ್ಲ. ಬಂದುದು ಎಲ್ಲಿಂದ?

ಕಾರ್ಯವು ಹುಟ್ಟುವ ಮೊದಲೇ ಕಾರಣದಲ್ಲಿ ಇದ್ದೇ ಇರುತ್ತದೆಂಬುದು ಸಾಂಖ್ಯರ ಪಕ್ಷ. ಈಶ್ವರಕೃಷ್ಣನು ತನ್ನ ಕಾರಿಕೆಗಳ 9ನೆಯದರಲ್ಲಿ ಇದಕ್ಕೆ ಐದು ಹೇತುಗಳನ್ನು ಕೊಡುತ್ತಾನೆ. ನೀರನ್ನು ಕಡೆದು ಬೆಣ್ಣೆ ತೆಗೆದವರು ಯಾರೂ ಇಲ್ಲವಾದುದರಿಂದ ಈ ಪಕ್ಷ ಬಲವಾಗಿಯೇ ಕಾಣುತ್ತದೆ. ನೈಯಾಯಿಕರು ಮಾತ್ರ ಒಪ್ಪುವುದಿಲ್ಲ. ಮೊದಲೇ ಇದ್ದುದಾದರೆ ಈ ಹೆಪ್ಪು, ಈ ಕಡೆಗೋಲು, ಈ ತೋಳುನೋವು ಏತಕ್ಕೆ? ದಾವಣಗೆರೆಯ ಹೋಟೆಲಿನಲ್ಲಿ ಕಾದ ದೋಸೆಯ ಮೇಲೆ ಬೆಣ್ಣೆಯ ಬದಲು ಹಾಲನ್ನೇ ಸುರಿಯಬಾರದೇಕೆ? (ಆ ದೋಸೆಯ ಚರಿತ್ರೆಯೂ ಹೀಗೆಯೇ. 1928ರ ಸುಮಾರಿಗೆ ಕುಂದಗೋಳದ ಕಡೆಯಿಂದ ಬಂದ ಚನ್ನಮ್ಮ ಎಂಬಾಕೆ ಮೊದಲು ಹುಯ್ದುದು ರಾಗಿಯ ದೋಸೆಯನ್ನೆಂದೂ, ಅಕ್ಕಿ, ಉದ್ದು, ಮಂಡಕ್ಕಿಗಳ ಹಿಟ್ಟು ಆಮೇಲೆ ಬಂದುದೆಂದೂ ಊರಿನವರು ಹೇಳುತ್ತಾರೆ.)

ಈಗಿನ ವಿಜ್ಞಾನವನ್ನು ಸಾಕ್ಷಿಗೆ ಕರೆದರೆ ಅದು ಇಬ್ಬರನ್ನೂ ಅರ್ಧಕ್ಕೆ ನಿಲ್ಲಿಸುತ್ತದೆ. ಎಮ್ಮೆಯ ಹಾಲಿನಲ್ಲಿ ನೂರಕ್ಕೆ ಸುಮಾರು 7 ಪಾಲು ಜಿಡ್ಡು, ಕಣ್ಣಿಗೆ ಕಾಣದ ಗೋಲಕಗಳಾಗಿ, ಒಂದೊಂದೂ ತನ್ನ ತೆಳುಪೊರೆಯೊಳಗೆ ಬೇರೆಬೇರೆಯಾಗಿ ತೇಲುತ್ತಿರುತ್ತದೆ. ಕಡೆತದ ಪೆಟ್ಟಿಗೆ ಪೊರೆಗಳು ಹರಿದಾಗ ಅವು ಒಂದನ್ನೊಂದು ಅಪ್ಪಿ ಮುದ್ದೆಯಾಗುತ್ತವೆ. ಆ ಮುದ್ದೆಯಲ್ಲಿಯೂ ನೀರು ಉಳಿದಿರುವುದುಂಟು. ಆದರೆ ಹಾಲಿನಲ್ಲಿ ನೀರಿನೊಳಗೆ ಜಿಡ್ಡಿದ್ದರೆ, ಬೆಣ್ಣೆಯಲ್ಲಿ ಜಿಡ್ಡಿನೊಳಗೆ ನೀರು. ದ್ರವ್ಯ ಹೊಸದಲ್ಲ, ಒಳಗು ಹೊರಗಾದುದೇ ಹೊಸದು. ನನಗೆ ಈ ವ್ಯತ್ಯಾಸವೇ ದೊಡ್ಡದಾಗಿ ತೋರುತ್ತದೆ. ಹರಿದ್ರಾ ತುಂಗಭದ್ರೆಗಳ ಸಂಗಮದಲ್ಲಿ, 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಗುಡಿಯೊಳಗೆ ಬಲಕ್ಕೆ ಹರನೂ ಎಡಕ್ಕೆ ಹರಿಯೂ ಆಗಿ ನಿಂತ ಒಂದೇ ಮೂರ್ತಿಯ ಎದುರಿಗೂ, ಇಬ್ಬರು ಬಂದು ಕೂಡಿದರೋ ಒಬ್ಬನೇ ಇಬ್ಬರಾಗಿ ತೋರಿದನೋ ಎಂಬ ಪ್ರಶ್ನೆ ನನ್ನನ್ನು ಹೀಗೆಯೇ ಕಾಡಿದೆ.

ಶ್ವೇತಾಶ್ವತರೋಪನಿಷತ್ತು ಆತ್ಮವು ನಮ್ಮೊಳಗಿರುವ ಬಗೆಗೆ ಎಳ್ಳಿನ ಎಣ್ಣೆಯನ್ನೂ ಮೊಸರಿನ ತುಪ್ಪವನ್ನೂ ಅರಣಿಯ ಅಗ್ನಿಯನ್ನೂ ಹೋಲಿಕೆ ಕೊಟ್ಟು, ಅದು ದೊರೆಯುವುದು ಸತ್ಯ ತಪಸ್ಸುಗಳಿಂದ ಎಂಬುದನ್ನೂ ಅಲ್ಲಿಯೇ ಸೇರಿಸಿದೆ. ನಾವು ಹೋಲಿಕೆಯ ಮೊದಲರ್ಧವನ್ನು ಮಾತ್ರ ನೆಚ್ಚಿಕೊಂಡು, ಒಳಗೆ ಇದ್ದೇ ಇದೆಯಲ್ಲ ಎಂದು ಗಡಿಗೆಗೆ ಒರಗಿ ನಿದ್ರೆ ಮಾಡುವವರು.

ಬೇಸಗೆಯಲ್ಲಿ ನಮ್ಮಜ್ಜಿ ಎಷ್ಟು ಕಡೆದರೂ ಬೆಣ್ಣೆ ಕೂಡದೆ, ಜಿಡ್ಡು ಮಜ್ಜಿಗೆಯ ಮೇಲೆ ತರಿತರಿಯಾಗಿ ಸುಮ್ಮನೆ ಸುತ್ತುತ್ತಿದ್ದುದುಂಟು. ಆಗ ಆಕೆ ಹಗ್ಗ ಬಿಟ್ಟು, ಹೊಸ ಮಡಕೆಯ ತಣ್ಣೀರನ್ನು ಒಂದು ಚೊಂಬು ಹೊಯ್ದು, ಸೆರಗಿನಿಂದ ಹಣೆ ಒರಸಿಕೊಳ್ಳುವಳು. 'ಯಾಕಜ್ಜಿ, ಬೆಣ್ಣೆ ಇಲ್ವಾ?' ಎಂದರೆ, 'ಐತೆ ಕಣಪ್ಪಾ, ಇನ್ನೂ ಬಂದಿಲ್ಲ' ಎಂದು ಮತ್ತೆ ಹಗ್ಗಕ್ಕೆ ಕೈ ಹಾಕುವಳು.